ಬಿಲ್ಲಿನ ಕೆಳಗಿನ ಖಾಲಿ ಗೆರೆ

ಮೈಸೂರಿನಲ್ಲಿ ಕೂತು ತಿನ್ನುವ ಹೋಟೆಲಿಗೆ ಹೋದರೆ ಬಿಲ್ಲು ಬರುವುದು ಸೋಂಪು, ಸಕ್ಕರೆ ಇಟ್ಟ ಪುಟ್ಟ ತಟ್ಟೆಯ ಜೊತೆಗೆ. ಮರಳಿ ಬಂದ ಚಿಲ್ಲರೆಯಲ್ಲಿ ಹತ್ತೋ ಇಪ್ಪತ್ತೋ ಅದರಲ್ಲೇ ಬಿಟ್ಟು ಏಳುತ್ತೇವೆ. ನಿಂತು ತಿನ್ನುವ ಕಡೆ ಅದೂ ಇಲ್ಲ. ಟೋಕನ್ ಕೊಟ್ಟು, ತಟ್ಟೆಯನ್ನು ನಾವೇ ಎತ್ತಿಕೊಂಡು ಬಂದ ಮೇಲೆ ಯಾರಿಗೆಂದು ಕೊಡುವುದು? ಬಿಟ್ಟರೆ ಸಂತೋಷ, ಬಿಡದಿದ್ದರೆ ಜಗಳವಿಲ್ಲ. ಈ ರೂಢಿಯಲ್ಲಿ ಬೆಳೆದ ಕುವೆಂಪುನಗರದ, ಸರಸ್ವತಿಪುರಂನ ಹಿರಿಯರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ ಮೊದಲು ಕಂಗೆಡುವುದು ವಿಮಾನ ನಿಲ್ದಾಣದಲ್ಲಲ್ಲ, ಹೋಟೆಲಿನ ಮೇಜಿನಲ್ಲಿ. ಅರವತ್ತು ಡಾಲರಿನ ಊಟ, ಬಿಲ್ಲಿನ ಕೆಳಗೊಂದು ಖಾಲಿ ಗೆರೆ, ಅಳಿಯ ಅದರ ಮೇಲೆ ಹನ್ನೆರಡು ಎಂದು ಬರೆಯುತ್ತಾನೆ. ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ! ಅಳಿಯನದು ದುಂದುಗಾರಿಕೆ ಎಂದೋ, ಮಾವನದು ಜಿಪುಣತನ ಎಂದೋ ತೀರ್ಮಾನಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಬಡಿಸಿದವರ ಸಂಬಳ ಯಾರ ಜೇಬಿನಿಂದ, ಯಾವ ದಾರಿಯಲ್ಲಿ ಬರುತ್ತದೆ? ಯಾವ ದೇಶದಲ್ಲಿ ಎಷ್ಟು ಟಿಪ್ಸ್ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಇದೊಂದನ್ನು ವಿಚಾರಿಸಿಕೊಂಡರೆ ಹೆಚ್ಚಿನ ಗೊಂದಲ ತೀರುತ್ತದೆ.

ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಗಂಟೆಯ ಕನಿಷ್ಠ ಕೂಲಿ 7.25 ಡಾಲರ್, 2009ರಿಂದ ಅದು ಅಲ್ಲಾಡಿಲ್ಲ. ಆದರೆ ಟಿಪ್ಸ್ ಬರುವ ಕೆಲಸದವರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದದ್ದು 2.13 ಡಾಲರ್ ಮಾತ್ರ, ಅದೂ 1991ರಿಂದ ಹಾಗೆಯೇ ನಿಂತಿದೆ. ಮಿಕ್ಕದ್ದು ಗಿರಾಕಿಯ ಟಿಪ್ಸ್‌ನಿಂದ ತುಂಬಬೇಕು. ತುಂಬದಿದ್ದರೆ ವ್ಯತ್ಯಾಸವನ್ನು ಮಾಲೀಕ ಕಟ್ಟಿಕೊಡಬೇಕೆಂದು ಕಾನೂನಿದೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಇಂದಿಗೂ ಈ 2.13ರ ಲೆಕ್ಕವೇ ನಡೆಯುತ್ತಿದೆ. ಅಂದರೆ ಡಲ್ಲಾಸಿನ ಹೋಟೆಲಿನಲ್ಲಿ ಮೆನು ಕಾರ್ಡಿನ ಬೆಲೆ ಊಟದ ಪೂರ್ತಿ ಬೆಲೆಯೇ ಅಲ್ಲ. ಬಡಿಸಿದ ಕೂಲಿಯ ದೊಡ್ಡ ಪಾಲನ್ನು ಅದರಿಂದ ಹೊರಗಿಟ್ಟು, ಆ ಖಾಲಿ ಗೆರೆಗೆ ಸಾಗಿಸಿದ್ದಾರೆ. ಅಲ್ಲಿ ಶೇಕಡಾ 15ರಿಂದ 20 ಕೊಡುವುದು ಬಾಕಿ ತೀರಿಸಿದಂತೆ. ಅದನ್ನು ರೂಪಾಯಿಗೆ ತಿರುಗಿಸಿ ಬೆಚ್ಚುವವರು ಊಟದ ಅರವತ್ತು ಡಾಲರನ್ನೂ ತಿರುಗಿಸಿ ನೋಡಬೇಕು. ಐದು ಸಾವಿರ ದಾಟುವ ಆ ಬಿಲ್ಲಿಗೆ ಒಪ್ಪಿ ಕುಳಿತ ಮೇಲೆ ಸಾವಿರಕ್ಕೆ ಮಾತ್ರ ಮೈಸೂರಿನ ಅಳತೆ ಹಿಡಿಯುವುದು ಸರಿಹೋಗದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಮಾಲೀಕ ಕೊಡಬೇಕಾದ ಸಂಬಳವನ್ನು ನಾವೇಕೆ ಕೊಡಬೇಕು? ನ್ಯಾಯವಾದ ಮಾತು, ಅಮೆರಿಕನ್ನರೂ ಆಡಿದ ಮಾತೇ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾದವು. ಅಂತರ್ಯುದ್ಧದ ನಂತರ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ರೈಲು ಕಂಪನಿ ಅಲ್ಪ ಸಂಬಳಕ್ಕೆ ಸೇರಿಸಿಕೊಂಡು, ಉಳಿದದ್ದನ್ನು ಪ್ರಯಾಣಿಕರ ಕೈಗೆ ಬಿಟ್ಟಿತ್ತು ಎಂಬುದನ್ನು ನೆನೆದರೆ ಈ ಪದ್ಧತಿಯ ಮೇಲೆ ಗೌರವ ಹುಟ್ಟುವುದು ಕಷ್ಟ. ಪದ್ಧತಿ ಕೆಟ್ಟದ್ದೆಂದೇ ಇಟ್ಟುಕೊಳ್ಳೋಣ. ಆದರೆ ಮೂರು ತಿಂಗಳಿಗೆಂದು ಬಂದ ಅತಿಥಿ ಟಿಪ್ಸ್ ಕೊಡದೆ ಪ್ರತಿಭಟಿಸಿದರೆ ನಷ್ಟವಾಗುವುದು ಅಂದು ಬಡಿಸಿದವಳಿಗೆ. ಮಾಲೀಕನಿಗೆ ಸುದ್ದಿಯೂ ತಲುಪುವುದಿಲ್ಲ. ನನ್ನ ವಾದಕ್ಕೆ ತೊಡಕಾಗುವ ಸಂಗತಿಯನ್ನೂ ಮುಚ್ಚಿಡಬಾರದು. ನಮ್ಮವರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾದಲ್ಲಿ ಟಿಪ್ಸ್ ಲೆಕ್ಕಿಸದೆ ರಾಜ್ಯದ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಹಾಗಿದ್ದೂ ಅಲ್ಲಿ ಶೇಕಡಾ 20ರ ನಿರೀಕ್ಷೆ ತಗ್ಗಿಲ್ಲ. ಕೆಲಸಕ್ಕೆ ಸೇರುವವರು ಆ ವರಮಾನವನ್ನು ನಂಬಿಯೇ ಸೇರುತ್ತಾರೆ, ಮನೆ ಬಾಡಿಗೆಯ ಲೆಕ್ಕವೂ ಅದರ ಮೇಲೆ ನಿಂತಿರುತ್ತದೆ. ಕಾನೂನು ಬದಲಾದಷ್ಟು ಬೇಗ ರೂಢಿ ಬದಲಾಗದು. ಆದರೆ ಕೌಂಟರಿನಲ್ಲಿ ಕಾಫಿ ಕೈಗಿತ್ತು, ಪರದೆಯನ್ನು ನಮ್ಮತ್ತ ತಿರುಗಿಸಿ ಶೇಕಡಾ 25 ಕೇಳುವ ಯಂತ್ರಕ್ಕೆ ಸಂಕೋಚವಿಲ್ಲದೆ ಬೇಡ ಎನ್ನಬಹುದೆಂಬುದು ನನ್ನ ಅಭಿಪ್ರಾಯ.

ಸೇವೆ ಚೆನ್ನಾಗಿದ್ದರೆ ಕೊಡೋಣ, ಇಲ್ಲದಿದ್ದರೆ ಬೇಡ, ಟಿಪ್ಸ್ ಇರುವುದೇ ಅದಕ್ಕಲ್ಲವೇ ಎಂಬುದು ಇನ್ನೊಂದು ವಾದ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಳ ಕಾಲ ಈ ವಿಷಯವನ್ನೇ ಅಧ್ಯಯನ ಮಾಡಿದವರು. ಸೇವೆಯ ಗುಣಕ್ಕೂ ಟಿಪ್ಸಿನ ಮೊತ್ತಕ್ಕೂ ಇರುವ ನಂಟು ತೀರ ಸಡಿಲ ಎಂದು ಅವರು ತೋರಿಸಿದ್ದಾರೆ. ಜನ ರೂಢಿಯಿದ್ದಷ್ಟು ಕೊಡುತ್ತಾರೆ, ಅಷ್ಟೆ. ಅಂಕ ಹಾಕುವ ಮೇಷ್ಟರಂತೆ ಮೇಜಿನ ಮುಂದೆ ಕೂರುವುದರಿಂದ ಅಡುಗೆಮನೆ ಸುಧಾರಿಸಿದ ಪುರಾವೆ ಇಲ್ಲ. ಜಪಾನನ್ನೇ ನೋಡಿ. ಅಲ್ಲಿ ಹೋಟೆಲಿನಲ್ಲಾಗಲಿ ಟ್ಯಾಕ್ಸಿಯಲ್ಲಾಗಲಿ ಟಿಪ್ಸ್ ಇಲ್ಲ. ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತು ಹೋದಿರೆಂದು ಹಿಂದೆ ಓಡಿಬಂದು ಕೊಟ್ಟಾರು. ಆದರೂ ಅಲ್ಲಿನ ಉಪಚಾರಕ್ಕೆ ಲೋಕವೇ ತಲೆದೂಗುತ್ತದೆ. ಫ್ರಾನ್ಸಿನಲ್ಲಿ ಸೇವೆಯ ಬೆಲೆ ಮೆನುವಿನ ದರದಲ್ಲೇ ಸೇರಿರಬೇಕು. ಮೇಲೆ ಒಂದೆರಡು ಯೂರೊ ಬಿಟ್ಟರೆ ನಮ್ಮ ಸೋಂಪಿನ ತಟ್ಟೆಯ ಲೆಕ್ಕ. ಲಂಡನ್ನಿನಲ್ಲಿ ಶೇಕಡಾ 12.5ರಷ್ಟು ಸೇವಾಶುಲ್ಕವನ್ನು ಬಿಲ್ಲಿನಲ್ಲೇ ಹಾಕಿಕೊಡುವುದು ಸಾಮಾನ್ಯ. ಆ ಹಣವನ್ನು ಮಾಲೀಕರು ಮುರಿದುಕೊಳ್ಳದೆ ನೌಕರರಿಗೇ ಹಂಚಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ, ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ಸಾಲನ್ನು ಬ್ರಿಟನ್ ನೌಕರರ ಕಡೆಯಿಂದ ಓದಿತು, ನಾವು ಗಿರಾಕಿಯ ಕಡೆಯಿಂದ ಓದಿದೆವು. ಇಲ್ಲಿ ಬಡಿಸುವವರ ಸಂಬಳದ ಚರ್ಚೆ ಇನ್ನೂ ಬಾಕಿಯೇ ಇದೆ.

ಹೊರಡುವವರಿಗೆ ಇಷ್ಟು ನೆನಪಿದ್ದರೆ ಸಾಕು. ಖಾಲಿ ಗೆರೆ ತುಂಬುವ ಮೊದಲು ಬಿಲ್ಲನ್ನು ಮೇಲಿನಿಂದ ಓದಿ. ಆರೆಂಟು ಜನ ಒಟ್ಟಿಗೆ ಕೂತಿದ್ದರೆ ಅಮೆರಿಕದಲ್ಲೂ ಹಲವು ಕಡೆ ಟಿಪ್ಸ್ ಮೊದಲೇ ಸೇರಿರುತ್ತದೆ, ಎರಡು ಸಲ ಕೊಟ್ಟು ಬರುವವರು ಕಡಿಮೆಯಿಲ್ಲ. ಕೊಡುವುದು ಆ ದೇಶದ ಹಣದಲ್ಲೇ ಇರಲಿ. ವಿದೇಶಿ ನಾಣ್ಯಗಳನ್ನು ಹಣ ಬದಲಿಸುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೈಸೂರು ಅರಮನೆ ನೋಡಲು ಬಂದ ಪ್ರವಾಸಿ ಆಟೊದವರ ಕೈಗೆ ಹಾಕಿದ ಯೂರೊ ನಾಣ್ಯ ಮಕ್ಕಳ ಆಟಕ್ಕೆ ಆದೀತು, ಅಂಗಡಿಯಲ್ಲಿ ನಡೆಯದು. ಅಮೆರಿಕದ ವಸತಿಗೃಹದ ಕೋಣೆಯಲ್ಲಿ ಎರಡು ಮೂರು ಡಾಲರ್ ಇಡುವುದಾದರೆ ಕೊನೆಯ ದಿನಕ್ಕೆ ಕಾಯದೆ ದಿನದಿನವೂ ಇಡಿ, ಏಕೆಂದರೆ ಸೋಮವಾರ ಹಾಸಿಗೆ ಕೊಡವಿದವರು ಗುರುವಾರ ರಜೆಯಲ್ಲಿರಬಹುದು.