ತಂತಿಗೆ ಬಾಡಿಗೆ, ನೆಲಕ್ಕೆಷ್ಟು?

(ರಾಯಲ್ಪಾಡಿನ ಸಭೆಯಲ್ಲಿ ಮಾಡಿದ ಭಾಷಣ)



ಒಡಿಶಾದ ತಾಲ್ಚೇರಿನಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತು 2003ರಿಂದ 1,300 ಕಿಲೋಮೀಟರಿಗೂ ಮೀರಿದ ತಂತಿಯಲ್ಲಿ ಹರಿದು ಕೋಲಾರಕ್ಕೆ ಬಂದಿಳಿಯುತ್ತಿದೆ. ಸಂತೋಷವೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ನಮ್ಮ ಸೀಮೆಗೇ ಬಂತು. ಆದರೆ ಚಿನ್ನದ ಗಣಿಗೆ ಬಂತು, ಗುಡಿಸಲಿಗಲ್ಲ.

ರಾಜ್ಯದಿಂದ ರಾಜ್ಯಕ್ಕೆ ಹೋಗುವ ತಂತಿಯ ಬಾಡಿಗೆ ಗೊತ್ತುಮಾಡುವುದು ದೆಹಲಿಯ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ. ಕೊನೆಗೆ ಅದನ್ನು ತೆರುವವರು ಗಿರಣಿಯವರು, ಅಂಗಡಿಯವರು, ಅಂದರೆ ನಾವೇ. ಬಿಲ್ಲಿನೊಳಗೆ ಅಡಗಿರುತ್ತದೆ.

ನೆಲ ಬಿಟ್ಟುಕೊಟ್ಟ ರೈತನಿಗೆ? ಗೋಪುರದ ಬುಡಕ್ಕೆ 2015ರಲ್ಲಿ ನೆಲದ ಬೆಲೆಯ ಶೇಕಡಾ 85 ಎಂದರು, 2024ರಲ್ಲಿ 200 ಎಂದರು. ಎರಡೂ ಬರಿಯ ಮಾರ್ಗಸೂಚಿ, ಕಾಯಿದೆಯಲ್ಲ. ಎಣ್ಣೆಯ ಕೊಳವೆ ಹಾಯ್ದರೆ 1962ರ ಕಾಯಿದೆಯಂತೆ, ಆದ ನಷ್ಟದ ಹೊರತು, ಬೆಲೆಯ ಶೇಕಡಾ 10. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ!

ಗೋಪುರ ನೆಡುವ ಮೊದಲು ಪರಿಹಾರದ ದರವನ್ನು ಪಂಚಾಯಿತಿಯ ಬಾಗಿಲಿಗೆ ಅಂಟಿಸಲಿ, ಬಾಡಿಗೆಯ ವಿಚಾರಣೆ ಕೋಲಾರದಲ್ಲೂ ನಡೆಯಲಿ ಎಂದು ನಾವು ಕೇಳುತ್ತೇವೆ.