ಒಬ್ಬ ಬಡಗಿಯ ಬಾಳು



ಚರಿತ್ರೆಯೆಂದರೆ ಅರಸರ, ದಂಡನಾಯಕರ, ಮಂತ್ರಿಗಳ ಕಥೆಯೆಂದು ನಾವು ಬಹುಮಟ್ಟಿಗೆ ನಂಬಿರುವೆವು. ಉಳಿ ಬಾಚಿಗಳಿಂದ ಹೊಟ್ಟೆ ಹೊರೆಯುವವನಿಗೆ ಅದರಲ್ಲಿ ಸ್ಥಳ ದೊರೆಯುವುದು ವಿರಳ. ಈ ಹೊತ್ತು ನಾವು ಸ್ಮರಿಸಬೇಕೆಂದಿರುವವನು ಅಂತಹ ಒಬ್ಬ ಬಡಗಿ, ಜರ್ಮನಿಯ ಗೆಯೋರ್ಗ್ ಎಲ್ಸರ್.

ಇವನು ಹುಟ್ಟಿದುದು 1903ನೆಯ ಇಸವಿ ಜನವರಿ 4ರಂದು; ಬೆಳೆದುದು ವುರ್ಟೆಂಬರ್ಗ್ ಸೀಮೆಯ ಕೋನಿಗ್ಸ್‌ಬ್ರೊನ್ ಎಂಬ ಸಣ್ಣ ಊರಿನಲ್ಲಿ. ತಂದೆ ಮರದ ವ್ಯಾಪಾರಿ, ಕುಡಿತಕ್ಕೆ ಬಿದ್ದವನು. ಹುಡುಗನು ಮೊದಲು ಕಬ್ಬಿಣದ ಕಾರ್ಖಾನೆಗೆ ಸೇರಿ, ಅದು ಮೈಗೆ ಒಗ್ಗದಿರಲು ಮರಗೆಲಸವನ್ನು ಕಲಿತು, 1922ರಲ್ಲಿ ಆ ಕಸುಬಿನ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಮುಂದೆ ಕೋನ್‌ಸ್ಟಾನ್ಸ್ ಪಟ್ಟಣದ ಗಡಿಯಾರದ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದನು. ಮಾತು ಕಡಿಮೆ, ಬಿಡುವಿನಲ್ಲಿ ತ್ಸಿಟರ್ ಎಂಬ ತಂತಿವಾದ್ಯವನ್ನು ನುಡಿಸುವುದೇ ಅವನ ವಿನೋದ.

ಹಿಟ್ಲರನ ಆಡಳಿತದಲ್ಲಿ ಕೆಲಸಗಾರನ ಕೂಲಿ ಇಳಿದುದನ್ನೂ, ಇಷ್ಟಬಂದ ಕಡೆ ದುಡಿಯುವ ಸ್ವಾತಂತ್ರ್ಯ ಹೋದುದನ್ನೂ ಅವನು ಕಣ್ಣಾರೆ ಕಂಡನು. 1938ರಲ್ಲಿ ಯುದ್ಧವು ತಪ್ಪದೆಂದು ಅವನಿಗೆ ಮನದಟ್ಟಾಯಿತು. ನಾಯಕರನ್ನು ತೊಲಗಿಸದೆ ಅದನ್ನು ತಡೆಯಲಾಗದೆಂದು ತಾನೊಬ್ಬನೇ ನಿಶ್ಚಯಿಸಿದನು.

ಪ್ರತಿ ವರ್ಷ ನವೆಂಬರ್ 8ರಂದು ಹಿಟ್ಲರನು ಮ್ಯೂನಿಚ್ ನಗರದ ಒಂದು ದೊಡ್ಡ ಪಾನಶಾಲೆಯಲ್ಲಿ ಭಾಷಣ ಮಾಡುತ್ತಿದ್ದುದುಂಟು. ಎಲ್ಸರನು ಕಲ್ಲುಗಣಿಯಲ್ಲಿ ಕೂಲಿಗೆ ಸೇರಿ ಸಿಡಿಮದ್ದನ್ನು ಸಂಗ್ರಹಿಸಿದನು. ಬಳಿಕ 1939ರಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿಗಳು ಆ ಪಾನಶಾಲೆಯಲ್ಲಿ ಅಡಗಿ ಕುಳಿತು, ವೇದಿಕೆಯ ಹಿಂದಿನ ಕಂಬವನ್ನು ಕೊರೆದನು. ಕಂಬದ ಮರದ ಹೊದಿಕೆಯಲ್ಲಿ ಯಾರಿಗೂ ಕಾಣದಂತೆ ಒಂದು ಬಾಗಿಲನ್ನು ಕತ್ತರಿಸಿದನು. ಬಿದ್ದ ಪುಡಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಹೊರಕ್ಕೆ ಸಾಗಿಸಿದನು. ಗಡಿಯಾರದ ಟಿಕ್ ಟಿಕ್ ಕೇಳಿಸದಂತೆ ಬೆಂಡಿನ ಹಲಗೆಯನ್ನು ಹೊದಿಸಿದನು. ಮೊಣಕಾಲೂರಿ ದುಡಿದು ದುಡಿದು ಕಾಲು ಕೀವುಗಟ್ಟಿತು. ಕಸುಬು ಕಲಿಸಿದ ತಾಳ್ಮೆ, ಅಳತೆ, ಅಚ್ಚುಕಟ್ಟುಗಳೆಲ್ಲವೂ ಅಲ್ಲಿ ನೆರವಾದುವು.

ಮದ್ದು ಸಿಡಿದುದು ಗೊತ್ತುಮಾಡಿದಂತೆ ರಾತ್ರಿ 9 ಗಂಟೆ 20 ನಿಮಿಷಕ್ಕೆ. ಆದರೆ ಮಂಜು ಕವಿದು ವಿಮಾನ ಹಾರಲಾರದೆಂದು, ರೈಲು ಹಿಡಿಯಬೇಕಾಗಿದ್ದ ಹಿಟ್ಲರನು ಹದಿಮೂರು ನಿಮಿಷಗಳ ಮುಂಚೆಯೇ ಹೊರಟುಹೋಗಿದ್ದನು. ಸತ್ತವರು ಎಂಟು ಮಂದಿ. ಅವರಲ್ಲಿ ಬಡಿಸುವ ಕೆಲಸದ ಹೆಂಗಸೊಬ್ಬಳೂ ಇದ್ದಳು. ಈ ಸಾವುಗಳನ್ನು ಮರೆತು ಎಲ್ಸರನನ್ನು ಹೊಗಳುವುದು ನ್ಯಾಯವಲ್ಲ. ಇನ್ನೂ ಹೆಚ್ಚಿನ ರಕ್ತಪಾತವನ್ನು ತಡೆಯುವುದೇ ತನ್ನ ಉದ್ದೇಶವೆಂದು ಅವನು ವಿಚಾರಣೆಯಲ್ಲಿ ಹೇಳಿದನು. ಆ ಯುದ್ಧವು ಬಲಿಗೊಂಡ ಕೋಟ್ಯಂತರ ಜೀವಗಳನ್ನು ನೆನೆದಾಗ, ಆ ಎಂಟನ್ನು ಈ ತಕ್ಕಡಿಯಲ್ಲಿ ಹೇಗೆ ತೂಗಬೇಕೆಂಬುದು ನಮಗೆ ಸುಲಭವಾಗಿ ತೋರದು.

ಎಲ್ಸರನು ಅಂದೇ ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಸೆರೆಸಿಕ್ಕಿದ್ದನು. ಐದು ವರ್ಷಕ್ಕೂ ಮಿಕ್ಕಿ ಬಂಧನದಲ್ಲಿಟ್ಟು, 1945ರ ಏಪ್ರಿಲ್ 9ರಂದು ಡಾಖೌ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. ಇಪ್ಪತ್ತು ದಿನಗಳಲ್ಲಿ ಆ ಶಿಬಿರವು ಅಮೆರಿಕದ ಸೈನ್ಯಕ್ಕೆ ವಶವಾಯಿತು.

ಸತ್ತ ಮೇಲೂ ಅವನಿಗೆ ನ್ಯಾಯ ಬೇಗ ದೊರೆಯಲಿಲ್ಲ. ಬ್ರಿಟಿಷರ ಗೂಢಚಾರನೆಂದು ಸರ್ಕಾರದವರು ಸಾರಿದ್ದರು. ಹಿಟ್ಲರನ ಕಡೆಯವರೇ ಹೂಡಿದ ಆಟವೆಂದು ವಿರೋಧಿಗಳು ನಂಬಿದರು. ಒಬ್ಬ ಬಡಗಿಯು ಸ್ವಂತ ಬುದ್ಧಿಯಿಂದ ಇಷ್ಟನ್ನು ಯೋಚಿಸಬಲ್ಲನೆಂಬುದು ಉಭಯರಿಗೂ ಹೊಳೆಯಲಿಲ್ಲ. 1964ರಲ್ಲಿ ವಿಚಾರಣೆಯ ದಾಖಲೆಯು ದೊರೆತ ಮೇಲೆ ಆ ಸಂದೇಹವು ನೀಗಿತು. 1997ರಲ್ಲಿ ಮ್ಯೂನಿಚ್ ನಗರದ ಒಂದು ಚೌಕಕ್ಕೆ ಅವನ ಹೆಸರಿಟ್ಟರು. 2003ರಲ್ಲಿ ಅಂಚೆಚೀಟಿಯೂ ಹೊರಬಂದಿತು.

ದೇಶದ ಹಿತಾಹಿತಗಳನ್ನು ಅರಿಯುವ ಶಕ್ತಿಯು ಓದಿದವರಾದ ನಮಗೇ ಮೀಸಲೆಂದು ನಾವು ಭಾವಿಸುವುದುಂಟು. ನಮ್ಮ ಮನೆಯ ಬಾಗಿಲನ್ನು ಕೂಡಿಸಿಕೊಟ್ಟು ಕೂಲಿ ಪಡೆದು ಹೋಗುವವನು ಏನನ್ನು ಯೋಚಿಸುತ್ತಿರುವನೆಂದು ನಾವು ಕೇಳಿದವರಲ್ಲ, ಇನ್ನಾದರೂ ಕೇಳೋಣ.