ನೆಟ್ ಪ್ಲಾನ್ ಅದೇ, ಫೈಲ್ ಕಾಪಿ ಮಾತ್ರ ಜೋರು

ಇವತ್ತಿನ ಪ್ರಶ್ನೆ ಹಳೇಕೋಟೆಯಿಂದ ಬಂದಿದೆ. ಮದುವೆ ವಿಡಿಯೋ ಎಡಿಟ್ ಮಾಡೋ ಹುಡುಗ ಕೇಳಿದ್ದು: "ಅಣ್ಣಾ, 2.5 ಗಿಗಾಬಿಟ್ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದ್ರೆ ನೆಟ್ ಸ್ಪೀಡ್ ಆಗುತ್ತಾ?"

ಆಗಲ್ಲ. ಪ್ಲಾನ್ 100 ಎಂಬಿಪಿಎಸ್ ಇದ್ರೆ ಬರೋದು ನೂರೇ. ನಾಲೆ ತೂಬಲ್ಲಿ ಬರೋ ನೀರು ಅಷ್ಟೇ ಇರುವಾಗ ಗದ್ದೆ ಒಳಗಿನ ಕಾಲುವೆ ಅಗಲ ಮಾಡಿ ಏನು ಸಿಗುತ್ತೆ?

ಆದ್ರೆ ಅವನ ಹತ್ರ ಎರಡು ಕಂಪ್ಯೂಟರ್ ಇವೆ. ಎಡಿಟಿಂಗ್‌ಗೆ ಒಂದು, ಫೂಟೇಜ್ ಇಡೋಕೆ ಇನ್ನೊಂದು. ಒಂದು ಮದುವೆಗೆ 200 ಜಿಬಿ ಅಂದ್ಕೊಳ್ಳಿ. ಮಾಮೂಲಿ ಗಿಗಾಬಿಟ್ ಲ್ಯಾನ್‌ನಲ್ಲಿ ಸೆಕೆಂಡಿಗೆ ಸುಮಾರು 115 ಎಂಬಿ ಹೋಗುತ್ತೆ, ಅಂದ್ರೆ ಅರ್ಧ ಗಂಟೆ. 2.5ರಲ್ಲಿ ಸುಮಾರು 280 ಎಂಬಿ, ಹನ್ನೆರಡು ನಿಮಿಷ! ಇಲ್ಲಿ ದುಡ್ಡು ಹಾಕಿದ್ದಕ್ಕೆ ಅರ್ಥ ಇದೆ. ಎರಡೂ ಕಡೆ ಎಸ್‌ಎಸ್‌ಡಿ ಇರಬೇಕು, ಹಳೇ ಹಾರ್ಡ್ ಡಿಸ್ಕ್ ಅಷ್ಟು ಓಡಲ್ಲ.

ಸ್ವಿಚ್ ಕೂಡ ಬೇಡ. ಎರಡು ಅಡಾಪ್ಟರ್, ನಡುವೆ ಒಂದು ಕೇಬಲ್, ಮುಗೀತು. ರಿಯಲ್‌ಟೆಕ್ 8156 ಚಿಪ್ ಇರೋದು ತಗೊಳ್ಳಿ, ನನಗೆ ಅದೇ ಇಷ್ಟ. 2016ರಲ್ಲಿ ಬಂದ 802.3ಬಿಝಡ್ ಸ್ಟ್ಯಾಂಡರ್ಡ್ ಮಾಡಿದ್ದೇ ಹಳೇ ಕ್ಯಾಟ್-5ಇ ವೈರ್‌ನಲ್ಲೂ ನೂರು ಮೀಟರ್ ತನಕ ಈ ಸ್ಪೀಡ್ ಸಿಗ್ಲಿ ಅಂತ. ಆದ್ರೆ ಅಂಗಡೀಲಿ ಸಿಸಿಎ ಅಂತ ಅಗ್ಗದ ಕೇಬಲ್ ಕೊಡ್ತಾರೆ. ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಪೂರ್ತಿ ತಾಮ್ರದ್ದೇ ಕೇಳಿ.

ಅಡಾಪ್ಟರ್ ಚುಚ್ಚೋದು ಯುಎಸ್‌ಬಿ 3 ಪೋರ್ಟಿಗೆ. ಯುಎಸ್‌ಬಿ 2 ಆದ್ರೆ 480 ಎಂಬಿಪಿಎಸ್‌ಗೇ ಕತೆ ಮುಗೀತು, ಗಿಗಾಬಿಟ್‌ಗಿಂತ ಕಡೆ. ಫೋನಿನವರಿಗೂ ಇದೇ ಮಾತು: ಟೈಪ್-ಸಿ ಅನ್ನೋದು ತೂತಿನ ಆಕಾರ ಅಷ್ಟೇ. ಐಫೋನ್ 15ರ ಸಾದಾ ಮಾಡೆಲ್‌ನಲ್ಲಿ ಒಳಗಿರೋದು ಯುಎಸ್‌ಬಿ 2 ಸ್ಪೀಡೇ.

5 ಗಿಗಾಬಿಟ್ ಅಡಾಪ್ಟರ್ರೂ ಇವೆ. ಆದ್ರೆ 5 ಜಿಬಿಪಿಎಸ್ ಯುಎಸ್‌ಬಿ ಪೋರ್ಟಲ್ಲಿ ಎನ್‌ಕೋಡಿಂಗ್‌ಗೇ ಐದನೇ ಒಂದು ಭಾಗ ಹೋಗುತ್ತೆ, ಪೂರ್ತಿ ಐದು ಸಿಗಲ್ಲ. ಮನೆಗೆ ಸದ್ಯಕ್ಕೆ 2.5 ಸಾಕು ಅಂತೀನಿ.

ಸೆಟ್ಟಿಂಗ್‌ನಲ್ಲಿ ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಕೊಡಿ, ಸಬ್‌ನೆಟ್ 255.255.255.0. ಗೇಟ್‌ವೇ ಖಾಲಿ ಬಿಡಿ, ಇಂಟರ್ನೆಟ್ ವೈಫೈಲೇ ನಡೀಲಿ. ವಿಂಡೋಸ್‌ನಲ್ಲಿ ಲಿಂಕ್ ಸ್ಪೀಡ್ 2500 ತೋರಿಸ್ಬೇಕು. 100 ಅಂತ ಬಂದ್ರೆ ಮೊದಲು ಕೇಬಲ್ ತುದಿ ನೋಡಿ, ಎಂಟು ಎಳೆಯಲ್ಲಿ ಯಾವುದೋ ಕೂತಿರಲ್ಲ.